ಬರೀ ಮಗು ನೋಡ್ಕೊಂಡ್ರೆ ಸಾಕು

ಸರ್ಜಾಪುರ ರಸ್ತೆಯಿಂದ ಹೆಬ್ಬಾಳದವರೆಗೆ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಬೇಕಾದರೂ ಹೋಗಿ. ಮಗು ನೋಡಿಕೊಳ್ಳಲು ಬಂದವಳಿಗೆ ಮನೆಯವರು ಹೇಳುವ ಮೊದಲ ಮಾತು ಒಂದೇ. "ನಮ್ಮನೇಲಿ ಜಾಸ್ತಿ ಕೆಲ್ಸ ಇಲ್ಲಮ್ಮಾ. ಬರೀ ಮಗು ನೋಡ್ಕೊಂಡ್ರೆ ಸಾಕು." ನಾಲ್ಕು ಮನೆ ಕಂಡವಳು ಈ ಮಾತು ಕೇಳಿದ ಕೂಡಲೇ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಕೆಲಸ ಜಾಸ್ತಿ ಇರುವ ಮನೆಯವರು ಏನೇನು ಮಾಡಬೇಕು ಅಂತ ಬಾಯಿಬಿಟ್ಟು ಹೇಳುತ್ತಾರೆ. ಜಾಸ್ತಿ ಕೆಲಸ ಇಲ್ಲದ ಮನೆಯಲ್ಲೇ ಕೆಲಸಕ್ಕೆ ಕೊನೆ ಮೊದಲಿರುವುದಿಲ್ಲ.

"ಅಡುಗೆ ಬರುತ್ತಾ?"

"ಮಗೂದಾ ಮೇಡಂ?"

"ಮಗೂದೇ. ಹಾಗೇ ನಮ್ಗೂ ಒಂಚೂರು."

"ಎಷ್ಟು ಜನ ಮೇಡಂ?"

"ಇಬ್ರೇ. ಅತ್ತೆ ಮಾವ ಬಂದ್ರೆ ನಾಲ್ಕು."

"ಅವ್ರು ಯಾವಾಗ ಬರ್ತಾರೆ?"

"ಇಲ್ಲೇ ಇದಾರೆ."

ಮೊದಲ ದಿನ ನಿಜಕ್ಕೂ ಬರೀ ಮಗು. ಬಾಟಲಿ ಕುದಿಸುವುದು, ರಾಗಿ ಸರಿ ಕಾಯಿಸಿ ತಿನ್ನಿಸುವುದು, ಡೈಪರ್ ಬದಲಿಸುವುದು, ಎಣ್ಣೆ ಹಚ್ಚಿ ನೀರು ಹಾಕುವುದು, ಮಲಗಿಸುವುದು. ಎರಡನೇ ದಿನ ಬಾಟಲಿ ತೊಳೆಯಲು ಹೇಗೂ ಸಿಂಕಿನ ಮುಂದೆ ನಿಂತಿರುತ್ತಾಳಲ್ಲ, ಪಕ್ಕದಲ್ಲೇ ಇರುವ ಎರಡು ಕಾಫಿ ಲೋಟವೂ ಇರಲಿ. ಮೂರನೇ ದಿನ ಲೋಟದ ಜೊತೆಗೆ ಒಂದು ಬಾಣಲೆ, ತಳ ಹತ್ತಿದ್ದು. ಮಗುವಿನ ಬಟ್ಟೆ ಮೆಷಿನ್ನಿಗೆ ಹಾಕುವಾಗ ಯಜಮಾನರ ಎರಡು ಶರ್ಟು, ಒಣಗಿದ ಮೇಲೆ ಮಡಿಸುವಾಗ ಮನೆಮಂದಿಯ ಬೆಡ್‌ಶೀಟು. ವಾರ ಕಳೆಯುವಷ್ಟರಲ್ಲಿ ಸೊಪ್ಪು ಬಿಡಿಸುವುದು, ಕಾಯಿ ತುರಿಯುವುದು, ಬಾಲ್ಕನಿಯ ಗಿಡಕ್ಕೆ ನೀರು, ಬಾಗಿಲಿಗೆ ಬಂದ ಡೆಲಿವರಿ ಹುಡುಗನಿಗೆ ಓಟಿಪಿ. ಇಷ್ಟೂ ಕೆಲಸ ಮನೆಯೊಳಗೆ ಬರುವುದು 'ಹೇಗೂ' ಎಂಬ ಒಂದೇ ಹಿಂಬಾಗಿಲಿನಿಂದ. ಹೇಗೂ ಅಡುಗೆಮನೇಲೇ ಇದೀಯಲ್ಲ. ಹೇಗೂ ಬಾಲ್ಕನಿಗೆ ಹೋಗ್ತಿದೀಯಲ್ಲ. ಎಲ್ಲಕ್ಕಿಂತ ದೊಡ್ಡದು, ಹೇಗೂ ಮಗು ಮಲ್ಗಿದೆಯಲ್ಲ.

ಮಗು ಮಲಗಿದ ಹೊತ್ತು ಮನೆಯವರ ಲೆಕ್ಕದಲ್ಲಿ ಪೂರಾ ಖಾಲಿ. ದುಡ್ಡು ಕೊಟ್ಟು ಕೊಂಡ ಹೊತ್ತು ಖಾಲಿ ಹೋದರೆ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ. ಒಂಬತ್ತು ತಿಂಗಳ ಮಗು ಮಲಗುವ ಚೆಂದ ನೋಡಿದ್ದೀರಲ್ಲ? ಅಮೆರಿಕದ ಡಿಸೈನಿನ ಕ್ರಿಬ್ಬಿನಲ್ಲಿ ಹಾಕಿದರೆ ಬೆನ್ನು ಹಾಸಿಗೆಗೆ ತಾಗಿದ ಕ್ಷಣಕ್ಕೆ ಕಣ್ಣು ಬಿಡುತ್ತದೆ. ಹಾಗಾಗಿ ಆಕೆ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಾಳೆ. ಕಾಲ ಮೇಲೊಂದು ದಿಂಬು, ದಿಂಬಿನ ಮೇಲೆ ಮಗು. ಪಾದಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ತೂಗುತ್ತಿದ್ದಾಳೆ, ನಿಲ್ಲಿಸಿದರೆ ಮುಲುಗುತ್ತದೆ. ಎರಡೂ ಕಾಲು ಜೋಮು ಹಿಡಿದಿವೆ. ಆಕೆಯ ಕೆನ್ನೆಯ ಮೇಲೊಂದು ಸೊಳ್ಳೆ ಕೂತು ನೆಮ್ಮದಿಯಾಗಿ ರಕ್ತ ಹೀರುತ್ತಿದೆ. ಹೊಡೆಯುವ ಹಾಗಿಲ್ಲ, ಸದ್ದಾಗುತ್ತದೆ. ಊರಿನ ಇನ್ನೊಂದು ತುದಿಯ ಆಫೀಸಿನಲ್ಲಿ, ಮೀಟಿಂಗಿನ ನಡುವೆ ಮೇಜಿನಡಿ ಫೋನು ಹಿಡಿದು ಮನೆಯ ಕ್ಯಾಮೆರಾ ನೋಡುತ್ತಿರುವ ತಾಯಿಗೆ ಇದರಲ್ಲಿ ಕಾಣುವುದು ಒಂದೇ ಸಂಗತಿ. ನಲವತ್ತು ನಿಮಿಷದಿಂದ ಇವಳು ಸುಮ್ಮನೆ ಕೂತಿದ್ದಾಳೆ! ನಲವತ್ತು ನಿಮಿಷದಿಂದ ತಾನೂ ಮೀಟಿಂಗಿನಲ್ಲಿ ಕೂತೇ ಇರುವುದು ಆಗ ಹೊಳೆಯುವುದಿಲ್ಲ. ಆಫೀಸಿನಲ್ಲಿ ಕೂರುವುದು ದುಡಿಮೆ, ಮನೆಯಲ್ಲಿ ಕೂರುವುದು ಮೈಗಳ್ಳತನ.

ಗೋಕುಲಕ್ಕೆ ಪೂತನಿ ಬಂದು ಹೋದ ಮೇಲೆ, ಇನ್ನೊಬ್ಬರ ತೋಳಲ್ಲಿರುವ ನಮ್ಮ ಮಗುವಿನ ಬಗ್ಗೆ ಅಳುಕು ಇರುವುದು ತಪ್ಪಲ್ಲ, ಒಪ್ಪೋಣ. ಆದರೆ ಅಪಾರ್ಟ್‌ಮೆಂಟಿನ ಕ್ಯಾಮೆರಾ ವಿಷದ ಹಾಲನ್ನು ಹುಡುಕುವುದು ಅಪರೂಪ. ಅದು ಹುಡುಕುವುದು ಬಟ್ಟೆ ಮಡಿಸದ ಕೈಯನ್ನು.

ಮಗು ಅಂಬೆಗಾಲಿಕ್ಕಿ ಮೊದಲ ಸಲ ಹೊಸ್ತಿಲು ದಾಟಿದರೆ ನಮ್ಮ ಕಡೆ ಸಿಹಿ ಮಾಡಿ ಹಂಚುವುದುಂಟು. ಅಂಥ ಒಂದು ಮನೆಯ ಸಂಭ್ರಮದಲ್ಲಿ ಹೋಳಿಗೆ ತಿಂದವರಲ್ಲಿ ನಾನೂ ಒಬ್ಬ. ಮಗು ಹೊಸ್ತಿಲು ದಾಟಿದ್ದನ್ನು ಕಂಡವಳು ಆಯಾ ಒಬ್ಬಳೇ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಸಂಜೆ ಇನ್ನೊಮ್ಮೆ ದಾಟಿಸಿ ವಿಡಿಯೊ ತೆಗೆಯಬೇಕೆಂದರೆ ಮಗು ಒಲ್ಲೆ ಅಂತ ಹಟ ಹಿಡಿದು ಕೂತಿತು. ಹೋಳಿಗೆಯ ಹೂರಣ ರುಬ್ಬಿದವಳೂ ಆಕೆಯೇ, ಬಂದವರು ತಿಂದ ತಟ್ಟೆ ತೊಳೆದವಳೂ ಆಕೆಯೇ. ಆಕೆ ಅಡುಗೆಮನೆಯಲ್ಲಿದ್ದ ಹೊತ್ತಿನಲ್ಲಿ ಮಗು ಹಜಾರದಲ್ಲಿದ್ದ ಗಣಪತಿ ವಿಗ್ರಹವನ್ನು ಎಳೆದು ಬೀಳಿಸಿತು. "ಮಗು ನೋಡ್ಕೋ ಅಂತ ತಾನೆ ಇಟ್ಕೊಂಡಿರೋದು ನಿನ್ನ?" ಎಂಬ ಕೂಗು ಹೊರಬಾಗಿಲಿನವರೆಗೂ ಕೇಳಿಸಿತು.

ಇದೇ ಯಜಮಾನರಿಗೆ ಅವರ ಮ್ಯಾನೇಜರು, "ಹೇಗೂ ಕೋಡ್ ಕಂಪೈಲ್ ಆಗ್ತಿದೆಯಲ್ಲ, ಅಷ್ಟರಲ್ಲಿ ಪ್ಯಾಂಟ್ರಿಯ ಕಪ್ಪುಗಳನ್ನ ತೊಳ್ದಿಟ್ಟುಬಿಡಿ" ಅಂತ ಹೇಳಿ ನೋಡಲಿ. ಮಾರನೇ ದಿನ ಎಚ್‌ಆರ್‌ಗೆ ಮೇಲು, ಅದರ ಮಾರನೇ ದಿನ ಹೊಸ ಕಂಪನಿಗೆ ಬಯೊಡೇಟ. 'ಇದು ನನ್ನ ಜಾಬ್ ಡಿಸ್ಕ್ರಿಪ್ಷನ್ನಿನಲ್ಲಿಲ್ಲ' ಎಂಬುದು ಬೆಂಗಳೂರಿನ ಸಾಫ್ಟ್‌ವೇರ್ ಜನ ಜಗತ್ತಿಗೆ ಕೊಟ್ಟ ಮಹಾಮಂತ್ರ. ಗಿರಾಕಿ ಒಂದು ಬಟನ್ನಿನ ಬಣ್ಣ ಬದಲಿಸಿ ಅಂದರೂ ಚೇಂಜ್ ರಿಕ್ವೆಸ್ಟು, ಹೊಸ ಎಸ್ಟಿಮೇಟು, ಮೇಲಿನವರ ಅಪ್ರೂವಲ್ಲು. ಇದರಲ್ಲಿ ತಪ್ಪೇನೂ ಇಲ್ಲ, ನ್ಯಾಯವಾದ ವ್ಯವಸ್ಥೆ. ಆದರೆ ಈ ನ್ಯಾಯಕ್ಕೆ ಮನೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಹೊರಗೇ ಉಳಿಯುವ ಅಭ್ಯಾಸ.

2023ರಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು, ದೇಶ ಕಟ್ಟಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಈ ಊರು ಹೇಗೆ ಸಿಡಿದೆದ್ದಿತು, ನೆನಪಿದೆಯೆ? 2024ರಲ್ಲಿ ಐಟಿಯವರ ಕೆಲಸದ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆಯ ಮಾತಾಡಿದಾಗ ವಾರವಿಡೀ ಮೀಮುಗಳ ಸುಗ್ಗಿ. ಆ ಮೀಮುಗಳನ್ನು ಸೋಫಾದಲ್ಲಿ ಕೂತು ಫಾರ್ವರ್ಡ್ ಮಾಡುತ್ತಿದ್ದವರ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ಬಂದು ರಾತ್ರಿ ಎಂಟಕ್ಕೆ ಹೋಗುವ ಹೆಂಗಸೊಬ್ಬಳು ಅವರ ಮಗುವಿಗೆ ಊಟ ತಿನ್ನಿಸುತ್ತಿದ್ದಳು. ದಿನಕ್ಕೆ 12 ಗಂಟೆ, ವಾರಕ್ಕೆ ಆರು ದಿನ. ಗುಣಿಸಿದರೆ 72. ಮೂರ್ತಿಯವರು ಕೇಳಿದ್ದಕ್ಕಿಂತ ಎರಡು ಗಂಟೆ ಹೆಚ್ಚೇ ದುಡಿದು ದೇಶ ಕಟ್ಟುತ್ತಿರುವ ಈ ಮಹಿಳೆ ಲಿಫ್ಟಿನಲ್ಲಿ ಸಿಕ್ಕರೆ ನಮಸ್ಕಾರ ಹೇಳಬೇಕೆನಿಸುತ್ತದೆ, ಆದರೆ ಸಿಗುವುದಿಲ್ಲ. ಆಕೆಗೆ ಬೇರೆ ಲಿಫ್ಟಿದೆ.

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಐದಾರು ವರ್ಷ ಇದ್ದು ಬಂದವರನ್ನು ಮಾತಾಡಿಸಿದರೆ ಇನ್ನೂ ಮಜಾ. ಅಲ್ಲಿನ ನ್ಯಾನಿಯ ಬಗ್ಗೆ ಅವರು ಭಯಭಕ್ತಿಯಿಂದ ಮಾತಾಡುತ್ತಾರೆ. ಗಂಟೆ ಲೆಕ್ಕದ ಸಂಬಳ. ಮಗುವಿನ ತಟ್ಟೆ ತೊಳೆಯುತ್ತಾಳೆ, ನಿಮ್ಮದನ್ನು ಮುಟ್ಟುವುದಿಲ್ಲ. ಮಗುವಿನ ಬಟ್ಟೆ ಒಗೆಯುತ್ತಾಳೆ, ನಿಮ್ಮ ಸಾಕ್ಸ್ ನಿಮ್ಮ ಪಾಡು. ನ್ಯೂಜೆರ್ಸಿಯಲ್ಲಿ 2024ರಿಂದ ಮನೆಗೆಲಸದವರ ಹಕ್ಕುಗಳ ಕಾಯಿದೆ ಬಂದು ಕೆಲಸದ ಕರಾರು ಬರಹದಲ್ಲೇ ಇರಬೇಕಾಗಿದೆ. ಪಕ್ಕದ ನ್ಯೂಯಾರ್ಕ್ ರಾಜ್ಯ ಇಂಥ ಕಾಯಿದೆಯನ್ನು 2010ರಲ್ಲೇ ತಂದಿತ್ತು. ನಮ್ಮವರು ಅಲ್ಲಿ ಎಷ್ಟು ಶಿಸ್ತಾಗಿ ಕರಾರು ಓದಿ ಸಹಿ ಹಾಕುತ್ತಾರೆ, ತಿಂದ ತಟ್ಟೆ ತಾವೇ ತೊಳೆದು ಡಿಶ್‌ವಾಷರಿಗೆ ಜೋಡಿಸುತ್ತಾರೆ! ಸಂಬಳ ಕೇಳಿ ಎದೆ ಧಸಕ್ಕೆಂದವರು ಊರಿನಿಂದ ಅಮ್ಮನನ್ನು ಕರೆಸುತ್ತಾರೆ. ಆರು ತಿಂಗಳು ಅಮ್ಮ, ಅಲ್ಲಿರುವ ಗಡುವು ಮುಗಿದ ಮೇಲೆ ಆರು ತಿಂಗಳು ಅತ್ತೆ. ಬಾಣಂತನಕ್ಕೆ ಹೋದ ಆ ಹಿರಿಯರು ಮಗು, ಅಡುಗೆ, ಪಾತ್ರೆ, ವ್ಯಾಕ್ಯೂಮ್ ಎಲ್ಲ ಮುಗಿಸಿ, ಮಧ್ಯೆ ಒಂದು ಭಾನುವಾರ ನಯಾಗರದ ಮುಂದೆ ಸ್ವೆಟರ್ ಹಾಕಿಕೊಂಡು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಇದೇ ದಂಪತಿ ಬೆಂಗಳೂರಿಗೆ ಮರಳಿದಾಗ, ಪಾತ್ರೆ ತೊಳೆಯುವ ವಿದ್ಯೆ ದೇವನಹಳ್ಳಿಯ ಕಸ್ಟಮ್ಸ್ ದಾಟುವಷ್ಟರಲ್ಲಿ ಮರೆತುಹೋಗಿರುತ್ತದೆ. ಕರಾರಿನ ಮಾತೆತ್ತಿದರೆ, "ಅಯ್ಯೋ, ಅವ್ಳು ನಮ್ಗೆ ಮನೆ ಮಗಳ ಥರ. ಮಗಳ ಹತ್ರ ಅಗ್ರಿಮೆಂಟ್ ಮಾಡ್ಕೊಳ್ಳೋದುಂಟಾ?"

ಮನೆ ಮಗಳು ಅನ್ನುವವರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು. ಹಿಂದೂ ಮನೆಗಳಲ್ಲಿ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುಂಟೆಂದು ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಪಾಲು ಹಾಗಿರಲಿ. ಮನೆ ಮಗಳು ಕಾಫಿ ಕುಡಿಯುವ ಸ್ಟೀಲ್ ಲೋಟ ಸಿಂಕಿನ ಕೆಳಗೆ ಬೇರೆಯೇ ಇರುತ್ತದೆ. ಮನೆ ಮಗಳು ಸೋಫಾದ ಮೇಲೆ ಕೂತದ್ದನ್ನು ಯಾರೂ ಕಂಡಿಲ್ಲ. ಮನೆ ಮಗಳು ಸಂಜೆ ಹೊರಡುವಾಗ ಗೇಟಿನಲ್ಲಿ ಬ್ಯಾಗು ಬಿಚ್ಚಿ ತೋರಿಸಬೇಕು. ಜ್ವರ ಬಂದು ಎರಡು ದಿನ ಮಲಗಿದರೆ ಮನೆ ಮಗಳ ಸಂಬಳದಲ್ಲಿ ಎರಡು ದಿನ ಕಟ್. ಇಂಥ ತವರು ಶತ್ರುವಿಗೂ ಬೇಡ.

ಕಾನೂನು ಏನು ಹೇಳುತ್ತದೆ ಅಂತ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದ ರಾಜ್ಯಗಳಲ್ಲಿ ಕರ್ನಾಟಕವೇ ಮುಂದು, 2004ರಲ್ಲಿ. ಆ ಆದೇಶ ನಿಮ್ಮ ಮಹಡಿಯಲ್ಲಿ ಎಷ್ಟು ಜನರಿಗೆ ಗೊತ್ತು, ವಿಚಾರಿಸಿ ನೋಡಿ. ಯಾವ ಕೆಲಸ, ಎಷ್ಟು ಹೊತ್ತು, ಎಷ್ಟು ಬಿಡುವು ಎಂಬುದನ್ನು ಕೆಲಸಕ್ಕೆ ಸೇರುವವರಿಗೆ ತಿಳಿಯುವ ಹಾಗೆ ಹೇಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ 189ನೇ ಒಡಂಬಡಿಕೆ ತಂದಿತು. ಜಿನೀವಾದಲ್ಲಿ ಭಾರತ ಅದರ ಪರವಾಗಿ ಕೈ ಎತ್ತಿತು. ಎತ್ತಿದ ಕೈ ಇಳಿಸಿ ಮನೆಗೆ ಬಂದ ಮೇಲೆ ಅದನ್ನು ಅನುಮೋದಿಸುವ ಗೋಜಿಗೇ ಹೋಗಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗೆ ಕಾನೂನಿನ ಚೌಕಟ್ಟು ಬೇಕೋ ಎಂದು ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ ಒಂದು ಕರಡು ಮಸೂದೆ ಮಾಡಿತು. ನೋಂದಣಿ, ಕ್ಷೇಮನಿಧಿ, ನಿಧಿಗೆ ಕೆಲಸ ಕೊಟ್ಟವರಿಂದ ಸಂಬಳದ ಶೇ. 5ರವರೆಗೆ ಶುಲ್ಕ ಎಂಬ ಮಾತುಗಳು ಹೊರಬಿದ್ದಾಗ ಅಪಾರ್ಟ್‌ಮೆಂಟುಗಳಲ್ಲಿ ಎದ್ದ ಹಾಹಾಕಾರ ಕೇಳಬೇಕಿತ್ತು. ಯಾರೂ ಇಳಿಯದ ಈಜುಕೊಳಕ್ಕೆ ತಿಂಗಳು ತಪ್ಪದೆ ಮೇಂಟೆನೆನ್ಸ್ ಕಟ್ಟುವವರು ಇವರೇ. ಏಜೆನ್ಸಿಯವನು ಕಮಿಷನ್ ಅಂತ ಒಂದು ತಿಂಗಳ ಸಂಬಳದಷ್ಟು ಕೇಳಿದಾಗ ತುಟಿ ಬಿಚ್ಚದೆ ಕೊಟ್ಟವರೂ ಇವರೇ.

ಮನೆಯೊಡತಿಯನ್ನೇ ಬೈಯುತ್ತಿದ್ದೇನೆ ಅಂತ ಕೋಪ ಬಂದಿದ್ದರೆ ನ್ಯಾಯವೇ. ಈ ನಾಟಕದಲ್ಲಿ ಮಾತೆಲ್ಲ ಇಬ್ಬರು ಹೆಂಗಸರದು. ಮೂರನೆಯ ಪಾತ್ರವೊಂದಿದೆ, ಅದು ರೂಮಿನ ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಹಾಕಿಕೊಂಡಿರುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯದ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಅದಕ್ಕಾಗಿ ವ್ಯಯಿಸುವುದು 289 ನಿಮಿಷ. ಗಂಡಸರದು 88. ನೆನಪಿಡಿ, ಇದು ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಮಾಡದೇ ಇರುವವರನ್ನು ಲೆಕ್ಕಕ್ಕೇ ಹಿಡಿದಿಲ್ಲ. 2019ರ ಸಮೀಕ್ಷೆಯಲ್ಲಿ ಇದೇ 97 ನಿಮಿಷ ಇತ್ತು. ಐದು ವರ್ಷದಲ್ಲಿ ಒಂಬತ್ತು ನಿಮಿಷ ಉಳಿಸಿದ್ದಾರೆ, ಪ್ರಗತಿ ಎಂದರೆ ಇದು. ಆಫೀಸಿಗೂ ಹೋಗಿ ಮನೆಯನ್ನೂ ಹೊತ್ತ ಹೆಂಗಸು ತನ್ನ 289 ನಿಮಿಷವನ್ನು ಗಂಡನತ್ತ ದಾಟಿಸಲು ನೋಡುತ್ತಾಳೆ, ಅಲ್ಲಿ ಬಾಗಿಲು ಹಾಕಿದೆ. ಆಮೇಲೆ ಅದನ್ನು ತನಗಿಂತ ಬಡವಳಾದ ಇನ್ನೊಬ್ಬ ಹೆಂಗಸಿನ ತಲೆಗೆ ಕಟ್ಟುತ್ತಾಳೆ. ಆ ಇನ್ನೊಬ್ಬಳ ಮಗು ಎಲ್ಲಿದೆ, ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಸಂದರ್ಶನದಲ್ಲಿ ಕೇಳುವುದುಂಟು, ಆದರೆ ಕಾಳಜಿಗಲ್ಲ. ಮಗುವಿಗೆ ಹುಷಾರಿಲ್ಲ ಅಂತ ರಜೆ ಹಾಕಿಬಿಟ್ಟಾಳು ಎಂಬ ಭಯಕ್ಕೆ. ಆ ಮಗು ಹೆಚ್ಚಾಗಿ ರಾಯಚೂರಿನ ಕಡೆಯ ಯಾವುದೋ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುತ್ತದೆ, ಅಮ್ಮ ಎಂದರೆ ಅದಕ್ಕೆ ವಾರಕ್ಕೊಮ್ಮೆ ಬರುವ ವಿಡಿಯೊ ಕಾಲ್.

ಮಗು ನೋಡುವುದನ್ನು ನಾವು ಕೆಲಸ ಅಂತ ಯಾವತ್ತು ಒಪ್ಪಿದ್ದೆವು ಹೇಳಿ. ಕೂಡು ಕುಟುಂಬದ ಕಾಲದಲ್ಲಿ ಅದನ್ನು ಮನೆಯಲ್ಲೇ ಉಳಿದುಹೋದ ಸೋದರತ್ತೆಯೋ, ಗಂಡ ಸತ್ತು ತವರಿಗೆ ಬಂದ ಚಿಕ್ಕಮ್ಮನೋ ಮಾಡುತ್ತಿದ್ದರು. ಎರಡು ಹೊತ್ತಿನ ಊಟ, ವರ್ಷಕ್ಕೆರಡು ಸೀರೆ. ಕಂಕುಳಲ್ಲಿ ಮಗು, ಕೈಯಲ್ಲಿ ಸೌಟು, ಬಾಯಲ್ಲಿ ದೇವರನಾಮ. ಅದನ್ನು ನೋಡಿ ಬೆಳೆದವರಿಗೆ ಮಗು ಎನ್ನುವುದು ಬೇರೆ ಕೆಲಸ ಮಾಡುತ್ತಾ ಮಾಡುತ್ತಾ ತಾನಾಗಿ ಬೆಳೆಯುವ ವಸ್ತು. ಬ್ರಿಟಿಷ್ ದೊರೆಸಾನಿಯರು ಈ ವಿಷಯದಲ್ಲಿ ನಮಗಿಂತ ವಾಸಿ ಎನ್ನಲು ನಾಲಿಗೆ ಬರುತ್ತಿಲ್ಲ, ಆದರೂ ಅವರ ಬಂಗಲೆಗಳಲ್ಲಿ ಊಟದ ಮೇಜಿಗೆ ಬಟ್ಲರ್, ಬಟ್ಟೆಗೆ ಧೋಬಿ, ತೋಟಕ್ಕೆ ಮಾಲಿ, ಮಗುವಿಗೆ ಆಯಾ ಅಂತ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಇರುತ್ತಿತ್ತು. ಹಡಗಿನಲ್ಲಿ ಮಗು ನೋಡಿಕೊಳ್ಳಲು ಲಂಡನ್ನಿನವರೆಗೂ ಕರೆದೊಯ್ದ ಆಯಾಗಳನ್ನು ಅಲ್ಲಿ ಇಳಿದ ಮೇಲೆ ಬೀದಿಯಲ್ಲಿ ಬಿಟ್ಟವರೂ ಅವರಲ್ಲಿದ್ದರು. ಹಾಗೆ ದಿಕ್ಕಿಲ್ಲದವರಿಗೆಂದು ಲಂಡನ್ನಿನ ಹ್ಯಾಕ್ನಿಯಲ್ಲಿ ನಡೆಯುತ್ತಿದ್ದ ಆಯಾಗಳ ಆಶ್ರಯಮನೆಯ ಗೋಡೆಗೆ 2022ರಲ್ಲಿ ಸ್ಮಾರಕ ಫಲಕ ಹಾಕಿದ್ದಾರೆ. ಅವರ ಲೋಕದಿಂದ ನಾವು ಇಂಗ್ಲಿಷು, ಬಂಗಲೆ, ಆಯಾ ಎಲ್ಲ ಇಟ್ಟುಕೊಂಡೆವು. ಬಟ್ಲರ್, ಧೋಬಿ, ಮಾಲಿಯನ್ನೂ ಅದೇ ಆಯಾಳೊಳಗೆ ಸೇರಿಸಿ ಖರ್ಚು ಉಳಿಸಿದ್ದು ಮಾತ್ರ ನಮ್ಮ ಸ್ವಂತ ಬುದ್ಧಿ.

ಹಾಗಾದರೆ ಆಯಾ ಯಾವ ಕೆಲಸವನ್ನೂ ಮಾಡಬಾರದೆ? ಮಾಡಲಿ. ಮಗುವಿನ ಬಾಟಲಿ, ಮಗುವಿನ ತಟ್ಟೆ, ಮಗುವಿನ ಬಟ್ಟೆ, ಮಗುವಿನ ಅಡುಗೆ, ಮಗು ಹರಡಿದ ಆಟದ ಸಾಮಾನು, ಮಗು ಚೆಲ್ಲಿದ ಅನ್ನ. ಇಷ್ಟು ಆ ಕೆಲಸದ ಒಳಗೇ ಇದೆ, ಇದಕ್ಕೆ ಮುಖ ಸಿಂಡರಿಸುವ ಆಯಾಳನ್ನು ನಾನು ಕಂಡಿಲ್ಲ. ಇದರಾಚೆಯದು ಬೇಕಿದ್ದರೆ ಮೊದಲೇ ಹೇಳಿ, ದುಡ್ಡು ಸೇರಿಸಿ. ಕೆಲಸ ಸೇರಿಸಿದ ಹೊತ್ತಿನಲ್ಲಿ ಮಗು ಬಿದ್ದರೆ ಅದು ನಿಮ್ಮ ಲೆಕ್ಕಕ್ಕೆ ಎಂದು ತಿಳಿದಿರಿ. ಒಲೆಯ ಮೇಲೆ ಎಣ್ಣೆ ಕಾಯುವಾಗ ಸೊಂಟದ ಮೇಲೆ ಮಗು ಇರಬಾರದು. ಇಷ್ಟು ತಿಳಿಯಲು ಎಂಬಿಎ ಬೇಕಾಗಿಲ್ಲ. ಎಂಬಿಎ ಮಾಡಿದವರಿಗೇ ಇದು ತಿಳಿಯದಿರುವುದು ಬೇರೆ ಮಾತು.

ಈಚೆಗೆ ಆಯಾಗಳೂ ಚುರುಕಾಗಿದ್ದಾರೆ. ಗೇಟಿನ ಆ್ಯಪಿನಲ್ಲಿ ನೀವು ಅವರಿಗೆ ಸ್ಟಾರ್ ಕೊಡುತ್ತೀರಿ, ಅವರು ಹೊರಗೆ ಬಸ್ ಸ್ಟಾಪಿನಲ್ಲಿ ನಿಂತು ನಿಮಗೆ ಕೊಡುತ್ತಾರೆ. ಆರನೇ ಮಹಡಿಯ ಮನೆ ಪರವಾಗಿಲ್ಲ, ಊಟ ಬಿಸಿ ಇರುತ್ತೆ. ಹನ್ನೊಂದನೇ ಮಹಡಿಯಲ್ಲಿ ಅಜ್ಜಿ ಒಳ್ಳೆಯವರು, ಮೊಮ್ಮಗಳಿಗಿಂತ ಮಗ ಜಾಸ್ತಿ ಅಳ್ತಾನೆ. ಮೂರನೇ ಮಹಡಿಗೆ ಹೋಗ್ಲೇಬೇಡ ಕಣೇ, 'ಬರೀ ಮಗು' ಅಂತಾರೆ. ನ್ಯಾಯಾಲಯದಲ್ಲೂ ಇಷ್ಟು ಬೇಗ ತೀರ್ಪು ಬರುವುದಿಲ್ಲ, ಮೇಲ್ಮನವಿಗೂ ಅವಕಾಶವಿಲ್ಲ. 2023ರಿಂದ ಹೆಂಗಸರಿಗೆ ಬಸ್ಸು ಬೇರೆ ಪುಕ್ಕಟೆ, ನಾಲ್ಕು ಸ್ಟಾಪ್ ಆಚೆಯ ಅಪಾರ್ಟ್‌ಮೆಂಟು ಈಗ ದೂರವೇನಲ್ಲ. "ಶಕ್ತಿ ಯೋಜನೆ ಬಂದ್ಮೇಲೆ ಇವ್ರಿಗೆ ಕೊಬ್ಬು ಬಂದ್ಬಿಡ್ತು" ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಗೊಣಗಾಡುವವರು, ತಮಗೆ ಬೇರೆ ಕಂಪನಿಯಿಂದ ಆಫರ್ ಬಂದಾಗ ಅದನ್ನು ಕೆರಿಯರ್ ಗ್ರೋಥ್ ಎಂದು ಕರೆಯುತ್ತಾರೆ.

ಮೂರನೇ ಮಹಡಿಯ ಮನೆಗೆ ಆಯಾ ಸಿಗದೆ, ಕೊನೆಗೆ ಯಜಮಾನರೇ ಒಂದು ವಾರ ರಜೆ ಹಾಕಿ ಮಗು ನೋಡಿಕೊಳ್ಳಬೇಕಾಯಿತು. ಸೋಮವಾರ ಮಧ್ಯಾಹ್ನ ಮೂರು ಗಂಟೆಯಾದರೂ ಅವರಿಗೆ ಹಲ್ಲುಜ್ಜಲು ಬಿಡುವಾಗಿರಲಿಲ್ಲವಂತೆ. ಮಂಗಳವಾರ ಮಗು ಮಲಗಿದಾಗ ಅವರೂ ಮಲಗಿದರು, ಸಂಜೆ ಸಿಂಕಿನಲ್ಲಿ ಪಾತ್ರೆಯ ರಾಶಿ ಕಂಡು ಹೆಂಡತಿ ತುಟಿಪಿಟಕ್ಕೆನ್ನದೆ ಅವರ ಮುಖ ನೋಡಿದರು. "ಮಗು ನೋಡ್ಕೊಳ್ಳೋದಾ, ಪಾತ್ರೆ ತೊಳಿಯೋದಾ? ಒಬ್ಬ ಮನುಷ್ಯ ಎಷ್ಟೂಂತ ಮಾಡಕ್ಕಾಗುತ್ತೆ?" ಎಂದು ಅವರು ರೇಗಿದ್ದು ಎರಡನೇ ಮಹಡಿಗೂ ಕೇಳಿಸಿತು. ಗುರುವಾರ ಊರಿನಿಂದ ಅಮ್ಮ ಬಂದಿಳಿದರು. ಶನಿವಾರ ಲಿಂಕ್ಡ್‌ಇನ್‌ನಲ್ಲಿ ಮಗುವನ್ನೆತ್ತಿಕೊಂಡ ಫೋಟೊದ ಸಮೇತ 'ನನ್ನ ಒಂಬತ್ತು ತಿಂಗಳ ಮಗಳು ಕಲಿಸಿದ ಏಳು ಲೀಡರ್‌ಶಿಪ್ ಪಾಠಗಳು' ಎಂಬ ಲೇಖನ ಕಾಣಿಸಿಕೊಂಡಿತು. ಲೈಕುಗಳ ಸುರಿಮಳೆ. ಕೆಳಗೆ ಮೊದಲ ಕಮೆಂಟು ಅವರ ಮ್ಯಾನೇಜರದೇ: "ವೆರಿ ಇನ್‌ಸ್ಪೈರಿಂಗ್. ನಿಮಗೆ ಒಳ್ಳೆ ನ್ಯಾನಿ ಸಿಕ್ಕಿದ್ರೆ ಏಜೆನ್ಸಿ ನಂಬರ್ ನನಗೂ ಕಳ್ಸಿ. ನಮ್ಮನೇಲಿ ಜಾಸ್ತಿ ಕೆಲ್ಸ ಇಲ್ಲ."